ಸಪ್ತಪದಿಯೂ ವಿಧೇಯತೆಯೂ

ಮದುವೆಯ ವಚನದಲ್ಲಿ ವಿಧೇಯತೆ ಇರಬೇಕೆ? ಇಂಗ್ಲೆಂಡಿನ ಇಗರ್ಜಿಯ 1549ರ ಪ್ರಾರ್ಥನಾ ಗ್ರಂಥವು, ಪತಿಗೆ ವಿಧೇಯಳಾಗಿರುವೆನೆಂದು ವಧುವಿನಿಂದಲೇ ಹೇಳಿಸುತ್ತಿತ್ತು. 1928ರ ಪರಿಷ್ಕೃತ ಪಾಠ ಆ ಮಾತನ್ನು ಕೈಬಿಟ್ಟಿತು.

ನಮ್ಮ ನೇಸರಗಿ ಸೀಮೆಯ ಮದುವೆಗಳಲ್ಲಿ ನಾನು ಅಂಥ ವಚನ ಕೇಳಿಲ್ಲ. ಅಕ್ಕಿಕಾಳು ಬಿದ್ದ ಮೇಲೆ ವಧು ಬಾಯಿ ತೆರೆಯುವುದು ಗಂಡನ ಹೆಸರಿಟ್ಟು ಒಡಪು ಹೇಳುವಾಗ, ವರನೂ ಹೇಳಬೇಕು. ಸಪ್ತಪದಿಯ ಏಳನೆಯ ಹೆಜ್ಜೆ ಸಖ್ಯಕ್ಕಾಗಿ. ‘ನಾತಿಚರಾಮಿ’ ಎಂದು ಮಾತು ಕೊಡುವವನು ವರನೇ. ಇಷ್ಟಕ್ಕೇ ಹಿಗ್ಗುವುದು ಬೇಡ. ವಧುವಿನ ಚಿತ್ತ ತನ್ನ ಚಿತ್ತವನ್ನು ಅನುಸರಿಸಲೆಂದು ವರ ಹೇಳುವ ಗೃಹ್ಯಸೂತ್ರದ ಮಂತ್ರವೂ ಉಂಟು. ಅಲ್ಲಿ ಅವಳ ಉತ್ತರವನ್ನು ಯಾರೂ ಕೇಳುವುದಿಲ್ಲ.

ಕೇಳದೆಯೇ ಪಡೆದ ಈ ವಿಧೇಯತೆಯ ಬೆಲೆಯನ್ನು ರಖಮಾಬಾಯಿ ತೋರಿಸಿಕೊಟ್ಟರು. ಬೆಳಗಾವಿ ಜಿಲ್ಲೆ ಮುಂಬಯಿ ಇಲಾಖೆಯಲ್ಲಿದ್ದ ಕಾಲವದು. ಬಾಲ್ಯದಲ್ಲಿ ಮದುವೆಯಾಗಿದ್ದ ಆಕೆ ಗಂಡನ ಮನೆಗೆ ಹೋಗಲೊಪ್ಪಲಿಲ್ಲ. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರ ತೀರ್ಪಿತ್ತರು. ಆದರೆ 1887ರಲ್ಲಿ ಮುಂಬಯಿ ಹೈಕೋರ್ಟು, ಗಂಡನೊಡನೆ ಬಾಳು, ಇಲ್ಲವೇ ಆರು ತಿಂಗಳು ಸೆರೆವಾಸ ಅನುಭವಿಸು ಎಂದಿತು. ಸೆರೆಮನೆಯೇ ಲೇಸೆಂದರು ರಖಮಾಬಾಯಿ! 1888ರಲ್ಲಿ ರಾಜಿಯಾಯಿತು, ಆಕೆ ಮುಂದೆ ವೈದ್ಯರಾದರು. ಹೆಂಡತಿಯನ್ನು ಹೀಗೆ ಕರೆಸಿಕೊಳ್ಳುವ ದಾವೆ ಬಂದದ್ದು ನಮ್ಮ ಶಾಸ್ತ್ರದಿಂದಲ್ಲ, ಇಂಗ್ಲೆಂಡಿನ ಇಗರ್ಜಿ ನ್ಯಾಯಾಲಯಗಳಿಂದ.

1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಕುವೆಂಪು ಅವರ ಮಂತ್ರಮಾಂಗಲ್ಯದಂತೆ ನಡೆಯಿತು. ಅದು ಸತಿಪತಿಗಳನ್ನು ಸಮಾನರೆಂದು ಸಾರುತ್ತದೆ. ನನಗೆ ತೋರುವುದಿಷ್ಟೆ: ವಚನ ಬೇಕಾದರೆ ಇಬ್ಬರಿಂದಲೂ ಕೇಳಬೇಕು. ವಧುವಿನ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ಧರ್ಮವಲ್ಲ.