ಆಹಾರ ಮತ್ತು ಪಾನೀಯ ಉತ್ಪನ್ನಗಳೊಂದಿಗೆ ವ್ಯಾಪಾರ ಮೇಳಗಳಲ್ಲಿ ಭಾಗವಹಿಸುವ ಕುರಿತು: ಸನವಳ್ಳಿ ಹಾಗೂ ಮುಂಡಗೋಡ, ಹಳಿಯಾಳ, ದಾಂಡೇಲಿ, ಜೊಯಿಡಾ ತಾಲ್ಲೂಕುಗಳ ಉತ್ಪಾದಕರ ಮಾಹಿತಿಗಾಗಿ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಸನವಳ್ಳಿ ಹಾಗೂ ನೆರೆಯ ಹಳಿಯಾಳ, ದಾಂಡೇಲಿ, ಜೊಯಿಡಾ ತಾಲ್ಲೂಕುಗಳ ಗ್ರಾಮಗಳಲ್ಲಿ ಮುರುಗಲು ಸಿರಪ್, ಜೇನುತುಪ್ಪ, ಅನಾನಸ್ ಜಾಮ್, ಹಲಸಿನ ಹಪ್ಪಳ, ಉಪ್ಪಿನಕಾಯಿ ಮುಂತಾದ ಪದಾರ್ಥಗಳನ್ನು ತಯಾರಿಸುವ ಸ್ವಸಹಾಯ ಸಂಘಗಳು ಮತ್ತು ಕಿರು ಘಟಕಗಳು ತಮ್ಮ ಉತ್ಪನ್ನವನ್ನು ಸ್ವಂತ ಹೆಸರಿನಲ್ಲಿ ವ್ಯಾಪಾರ ಮೇಳಗಳಿಗೆ ಒಯ್ಯಲು ಇಚ್ಛಿಸಿದಲ್ಲಿ ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ. ಇಂತಹ ಘಟಕಗಳಿಗೆ ದೂರದ ಒಂದು ಮೇಳದ ವೆಚ್ಚವು ಒಂದು ಹಂಗಾಮಿನ ಉಳಿತಾಯವನ್ನೇ ನುಂಗಿಬಿಡಬಹುದು. ಆದ್ದರಿಂದ ಮಳಿಗೆಯ ಅಲಂಕಾರಕ್ಕಿಂತ ಮೊದಲು ಪರವಾನಗಿ, ಲೇಬಲ್ ಮತ್ತು ಬಂದ ಬೇಡಿಕೆಯನ್ನು ಪೂರೈಸುವ ಶಕ್ತಿ ಈ ಮೂರನ್ನು ಸರಿಪಡಿಸಿಕೊಳ್ಳುವುದು ಅಗತ್ಯ.

ಜಾತ್ರೆಗೂ ವ್ಯಾಪಾರ ಮೇಳಕ್ಕೂ ಇರುವ ವ್ಯತ್ಯಾಸ

ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಅಂಗಡಿ ಹಾಕಿದವರು ಒಯ್ದ ಸರಕನ್ನು ಮಾರಿ ಹಣ ಎಣಿಸಿಕೊಂಡು ಹಿಂತಿರುಗುತ್ತಾರೆ. ವ್ಯಾಪಾರ ಮೇಳದ ಲೆಕ್ಕ ಹೀಗಲ್ಲ. ಅಲ್ಲಿಗೆ ಬರುವವರಲ್ಲಿ ಹೋಟೆಲ್ ಮಾಲೀಕರು, ಸಗಟು ವ್ಯಾಪಾರಿಗಳು, ಅಂಗಡಿ ಸಮೂಹಗಳ ಖರೀದಿ ಅಧಿಕಾರಿಗಳು ಇರುತ್ತಾರೆ. ಅವರು ಒಂದು ಬಾಟಲಿಯನ್ನು ರುಚಿ ನೋಡಿ, ಲೇಬಲನ್ನು ಓದಿ, ತಿಂಗಳಿಗೆ ಎಷ್ಟು ಪೂರೈಸಬಲ್ಲಿರಿ, ಸಗಟು ದರವೆಷ್ಟು, ಎಷ್ಟು ತಿಂಗಳು ಕೆಡದೆ ಇರುತ್ತದೆ ಎಂದು ಕೇಳುತ್ತಾರೆ. ಈ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರವಿಲ್ಲದ ಘಟಕವು ಮೇಳದಲ್ಲಿ ಸರಕು ಮಾರಬಹುದು, ಗಿರಾಕಿಯನ್ನು ಪಡೆಯುವುದು ಕಷ್ಟ.

ಯಾವ ಮೇಳ ಸೂಕ್ತ

ಮೊದಲ ಬಾರಿಗೆ ಭಾಗವಹಿಸುವವರು ಸಮೀಪದ ಮೇಳವನ್ನೇ ಆರಿಸಿಕೊಳ್ಳುವುದು ಲೇಸು. ಜೊಯಿಡಾದಲ್ಲಿ ಇತ್ತೀಚಿನ ವರ್ಷಗಳಲ್ಲಿ ನಡೆಯುತ್ತಿರುವ ಗಡ್ಡೆ ಗೆಣಸು ಮೇಳವು ಕಾಡಂಚಿನ ಬೆಳೆಗಾರರು ತಮ್ಮ ಬೆಳೆಯನ್ನು ತಾವೇ ಪರಿಚಯಿಸಿಕೊಂಡಿರುವುದಕ್ಕೆ ಒಳ್ಳೆಯ ಉದಾಹರಣೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳವು ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳಿನಲ್ಲಿ ನಾಲ್ಕು ದಿನ ನಡೆಯುತ್ತದೆ. ಮುಂಡಗೋಡದಿಂದ ತಡಸ, ಹುಬ್ಬಳ್ಳಿ ಮಾರ್ಗವಾಗಿ ಸರಕನ್ನು ಒಂದೇ ವಾಹನದಲ್ಲಿ ಒಯ್ಯಬಹುದಾಗಿದ್ದು, ಸರಕು ಮುಗಿದರೆ ಮರುದಿನವೇ ಊರಿನಿಂದ ತರಿಸಿಕೊಳ್ಳಲೂಬಹುದು. ದೆಹಲಿಯಲ್ಲಿ ಈ ಅನುಕೂಲವಿಲ್ಲ.

ಬೆಂಗಳೂರಿನಲ್ಲಿ ರಾಜ್ಯ ಕೃಷಿ ಇಲಾಖೆಯು ಸಾವಯವ ಮತ್ತು ಸಿರಿಧಾನ್ಯ ವಾಣಿಜ್ಯ ಮೇಳವನ್ನು 2017ರಲ್ಲಿ ಮೊದಲ ಬಾರಿಗೆ ಏರ್ಪಡಿಸಿತು. ನಂತರದ ಮೇಳಗಳು ಅರಮನೆ ಮೈದಾನದಲ್ಲಿ ಜನವರಿ ತಿಂಗಳಿನಲ್ಲಿ ನಡೆದಿವೆ. ಉತ್ಪಾದಕರು ಮತ್ತು ಖರೀದಿದಾರರನ್ನು ಎದುರುಬದುರು ಕೂರಿಸುವ ಸಭೆಗಳು ಈ ಮೇಳದ ವಿಶೇಷ. ನವದೆಹಲಿಯ ಪ್ರಗತಿ ಮೈದಾನದಲ್ಲಿ ಭಾರತ ವ್ಯಾಪಾರ ಉತ್ತೇಜನ ಸಂಸ್ಥೆಯು ಪ್ರತಿ ವರ್ಷ ನವೆಂಬರ್ 14ರಿಂದ 27ರವರೆಗೆ ಭಾರತ ಅಂತರರಾಷ್ಟ್ರೀಯ ವ್ಯಾಪಾರ ಮೇಳವನ್ನು, ಮಾರ್ಚ್ ತಿಂಗಳಿನಲ್ಲಿ ‘ಆಹಾರ್’ ಮೇಳವನ್ನು ನಡೆಸುತ್ತದೆ. ನವೆಂಬರ್ ಮೇಳದ ಆರಂಭದ ದಿನಗಳು ವ್ಯಾಪಾರಸ್ಥರಿಗೆ, ಉಳಿದವು ಸಾರ್ವಜನಿಕರಿಗೆ ಮೀಸಲು. ಆಹಾರ್ ಮೇಳವು ಹೋಟೆಲ್ ಮತ್ತು ಆಹಾರ ಉದ್ಯಮದವರದು. ಬಿಡಿ ಮಾರಾಟದ ಆಸೆಯಿಂದ ಅಲ್ಲಿಗೆ ಹೋಗುವುದರಿಂದ ಪ್ರಯೋಜನವಿಲ್ಲ. ಗ್ರಾಮೀಣ ಸ್ವಸಹಾಯ ಸಂಘಗಳಿಗಾಗಿಯೇ ಸರಸ್ ಮೇಳಗಳಿದ್ದು, ಸಂಜೀವಿನಿ ಯೋಜನೆಯ ಸಂಘಗಳು ತಾಲ್ಲೂಕು ಪಂಚಾಯತಿಯ ಅಭಿಯಾನ ನಿರ್ವಹಣಾ ಘಟಕದ ಮೂಲಕ ಅರ್ಜಿ ಸಲ್ಲಿಸತಕ್ಕದ್ದು.

ಪರವಾನಗಿ ಮತ್ತು ನೋಂದಣಿ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರನ್ವಯ ಆಹಾರ ಪದಾರ್ಥ ತಯಾರಿಸುವ ಪ್ರತಿಯೊಬ್ಬರೂ ವಾರ್ಷಿಕ ವಹಿವಾಟಿಗೆ ಅನುಗುಣವಾಗಿ ನೋಂದಣಿ ಅಥವಾ ಪರವಾನಗಿಯನ್ನು ಫಾಸ್ಕಾಸ್ ಜಾಲತಾಣದ ಮೂಲಕ ಪಡೆಯತಕ್ಕದ್ದು. ಮನೆಯಲ್ಲಿಯೇ ತಯಾರಿಸುವವರಿಗೂ, ಮೇಳದಲ್ಲಿ ತಾತ್ಕಾಲಿಕ ಮಳಿಗೆ ಹಾಕುವವರಿಗೂ ಇದು ಅನ್ವಯಿಸುತ್ತದೆ. ಲಾಭದ ಉದ್ದೇಶವಿಲ್ಲ, ಕೇವಲ ಮಾದರಿಗಾಗಿ ಹಂಚುತ್ತಿದ್ದೇವೆ ಎಂಬ ಕಾರಣದಿಂದ ಕಾಯ್ದೆಯಿಂದ ವಿನಾಯಿತಿ ದೊರೆಯುವುದಿಲ್ಲ. 14 ಅಂಕಿಗಳ ಸಂಖ್ಯೆಯುಳ್ಳ ಪ್ರಮಾಣಪತ್ರದ ಪ್ರತಿಯನ್ನು ಮಳಿಗೆಯಲ್ಲಿ ಕಾಣುವಂತೆ ತೂಗುಹಾಕಬೇಕು. ಮಳಿಗೆಯಲ್ಲಿಯೇ ಒಲೆ ಹಚ್ಚಿ ಅಡುಗೆ ಮಾಡುವುದಿದ್ದಲ್ಲಿ ಆಯೋಜಕರ ಅನುಮತಿ ಪ್ರತ್ಯೇಕವಾಗಿ ಬೇಕಾಗುತ್ತದೆ. ಅನೇಕ ಸಭಾಂಗಣಗಳಲ್ಲಿ ಗ್ಯಾಸ್ ಸಿಲಿಂಡರಿಗೆ ಅವಕಾಶವಿರುವುದಿಲ್ಲ.

ಉದ್ಯಮ್ ನೋಂದಣಿಯು 2020ರ ಜುಲೈ 1ರಿಂದ ಜಾರಿಯಲ್ಲಿದ್ದು, ಸಂಪೂರ್ಣ ಉಚಿತವಾಗಿರುತ್ತದೆ. ಇದಕ್ಕಾಗಿ ಮಧ್ಯವರ್ತಿಗಳಿಗೆ ಹಣ ನೀಡಬೇಕಾಗಿಲ್ಲ.

ಹೊರರಾಜ್ಯದ ಮೇಳದಲ್ಲಿ ಮಾರಾಟ ಮಾಡುವವರು ಒಂದು ಅಂಶವನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಆ ರಾಜ್ಯದಲ್ಲಿ ಖಾಯಂ ವ್ಯವಹಾರ ಸ್ಥಳವಿಲ್ಲದವರು ಜಿಎಸ್‌ಟಿ ಕಾಯ್ದೆಯಂತೆ ‘ಸಾಂದರ್ಭಿಕ ತೆರಿಗೆದಾರ’ರಾಗಿ ವ್ಯವಹಾರ ಆರಂಭಕ್ಕೆ ಕನಿಷ್ಠ 5 ದಿನ ಮೊದಲು ನೋಂದಾಯಿಸಿಕೊಂಡು, ಅಂದಾಜು ತೆರಿಗೆಯನ್ನು ಮುಂಗಡವಾಗಿ ಪಾವತಿಸಬೇಕಾಗುತ್ತದೆ. ಈ ನೋಂದಣಿಯು ಗರಿಷ್ಠ 90 ದಿನಗಳ ಅವಧಿಗೆ ದೊರೆಯುತ್ತದೆ. ಊರಿನಲ್ಲಿ ವಹಿವಾಟು ಚಿಕ್ಕದಾಗಿದ್ದು ಜಿಎಸ್‌ಟಿ ವ್ಯಾಪ್ತಿಗೆ ಬಾರದವರು ಇದನ್ನು ತಿಳಿಯದೆ ದೆಹಲಿಯ ರೈಲು ಹತ್ತಿದರೆ ತೊಂದರೆಗೆ ಸಿಲುಕುವ ಸಂಭವವಿರುತ್ತದೆ. ಆದಕಾರಣ ಹೊರಡುವ ಮೊದಲೇ ತೆರಿಗೆ ಸಲಹೆಗಾರರನ್ನು ವಿಚಾರಿಸುವುದು ಒಳಿತು.

ಲೇಬಲ್

ಮೇಳಕ್ಕೆ ಬರುವ ಖರೀದಿದಾರನು ಮೊದಲು ನೋಡುವುದು ಲೇಬಲನ್ನು. ಉತ್ಪನ್ನದ ಹೆಸರು, ಪ್ರಮಾಣದ ಇಳಿಕೆ ಕ್ರಮದಲ್ಲಿ ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ವಿವರ, ಸಸ್ಯಾಹಾರದ ಹಸಿರು ಗುರುತು, ತಯಾರಕರ ಪೂರ್ಣ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ ಚಿಹ್ನೆ ಮತ್ತು ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಹಾಗೂ ಬಳಕೆಯ ಕೊನೆಯ ದಿನಾಂಕ ಇರತಕ್ಕದ್ದು. ಇವುಗಳ ಜೊತೆಗೆ ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸಾಮಗ್ರಿ ನಿಯಮಗಳು, 2011ರ ಪ್ರಕಾರ ನಿವ್ವಳ ಪ್ರಮಾಣ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಂ ಅಥವಾ ಮಿಲಿಲೀಟರ್ ಲೆಕ್ಕದ ಘಟಕ ದರ ಮತ್ತು ಗ್ರಾಹಕರ ದೂರು ಸ್ವೀಕರಿಸುವ ದೂರವಾಣಿ ಸಂಖ್ಯೆಯನ್ನು ಮುದ್ರಿಸತಕ್ಕದ್ದು. ಬೆಲೆಯನ್ನು ಪೆನ್ನಿನಲ್ಲಿ ತಿದ್ದಿದ ಬಾಟಲಿಯನ್ನು ಪ್ರದರ್ಶನಕ್ಕೆ ಇಡಬಾರದು.

ಉತ್ಪನ್ನದ ಹೆಸರಿನಲ್ಲಿಯೇ ತಪ್ಪಾಗುವುದು ಹೆಚ್ಚು. ಮುರುಗಲು ಹಣ್ಣಿಗೆ ಸಕ್ಕರೆ ಸೇರಿಸಿ ಇಳಿಸಿದ ರಸವನ್ನು ಕೆಲವರು ‘ಜ್ಯೂಸ್’ ಎಂದೂ, ಕೆಲವರು ‘ಶರಬತ್ತು’ ಎಂದೂ, ಮತ್ತೆ ಕೆಲವರು ‘ಸ್ಕ್ವಾಷ್’ ಎಂದೂ ಬರೆಯುವುದುಂಟು. ಕಾನೂನಿನಲ್ಲಿ ಇವು ಒಂದೇ ಅಲ್ಲ. ಹಣ್ಣಿನ ಸ್ಕ್ವಾಷ್, ಕ್ರಷ್ ಮತ್ತು ಸಿರಪ್ ಮೂರರಲ್ಲಿಯೂ ಹಣ್ಣಿನ ಅಂಶ ಕನಿಷ್ಠ ಶೇ. 25 ಇರಬೇಕು. ಕರಗಿದ ಘನಾಂಶವು ಸ್ಕ್ವಾಷ್‌ನಲ್ಲಿ ಕನಿಷ್ಠ ಶೇ. 40, ಕ್ರಷ್‌ನಲ್ಲಿ ಶೇ. 55, ಸಿರಪ್‌ನಲ್ಲಿ ಶೇ. 65 ಇರತಕ್ಕದ್ದು. ಈ ಘನಾಂಶವನ್ನು ಬ್ರಿಕ್ಸ್ ಅಳೆಯುವ ಸಣ್ಣ ಉಪಕರಣದಿಂದ ಘಟಕದಲ್ಲಿಯೇ ನೋಡಿಕೊಳ್ಳಬಹುದು. ಪ್ರತಿ ಬ್ಯಾಚ್‌ನ ಅಳತೆಯನ್ನು ಒಂದು ವಹಿಯಲ್ಲಿ ಬರೆದಿಟ್ಟ ಘಟಕದ ಮಾತಿಗೆ ಖರೀದಿದಾರನ ಬಳಿ ತೂಕ ಹೆಚ್ಚು. ನೂರಕ್ಕೆ ನೂರರಷ್ಟು ಹಣ್ಣಿನ ರಸ ಎಂಬ ಹೇಳಿಕೆಯನ್ನು ಲೇಬಲ್ ಮತ್ತು ಜಾಹೀರಾತುಗಳಿಂದ ತೆಗೆದುಹಾಕುವಂತೆ ಪ್ರಾಧಿಕಾರವು 2024ರ ಜೂನ್ ತಿಂಗಳಿನಲ್ಲಿ ಸೂಚಿಸಿದೆ. ಜೇನುತುಪ್ಪದಲ್ಲಿ ತೇವಾಂಶ ಶೇ. 20ನ್ನು ಮೀರಬಾರದು. ಮಳೆಗಾಲದ ಹಸಿ ಜೇನನ್ನು ಹಾಗೆಯೇ ತುಂಬಿದರೆ ಅದು ಹುಳಿತು ಬಾಟಲಿಯ ಮುಚ್ಚಳ ಹಾರುತ್ತದೆ. ಮಳಿಗೆಯಲ್ಲಿ ಹಾಗಾದರೆ ಆ ದಿನದ ವ್ಯಾಪಾರ ಮುಗಿದಂತೆಯೇ.

‘ಸಾವಯವ’ ಎಂದು ಬರೆಯಲು ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಅಥವಾ ಪಿಜಿಎಸ್‌ನ ಪ್ರಮಾಣೀಕರಣ ಬೇಕು. ಸಣ್ಣ ಬೆಳೆಗಾರರು ನೇರವಾಗಿ ಗ್ರಾಹಕರಿಗೆ ಮಾರುವಾಗ ವಿನಾಯಿತಿ ಇದ್ದರೂ, ಅಂಗಡಿಗಳ ಮೂಲಕ ಮಾರಾಟಕ್ಕೆ ಆ ವಿನಾಯಿತಿ ಸಾಲುವುದಿಲ್ಲ. ವ್ಯಾಪಾರ ಮೇಳದ ಗುರಿಯೇ ಅಂಗಡಿಯಾದ ಕಾರಣ ಇದನ್ನು ಮೊದಲೇ ಯೋಚಿಸತಕ್ಕದ್ದು. ಕಾಡಿನಿಂದ ತಂದದ್ದೆಲ್ಲವೂ ತಾನಾಗಿ ಸಾವಯವ ಎನಿಸಿಕೊಳ್ಳುವುದಿಲ್ಲ. ಇದೇ ರೀತಿ ಅಂಕೋಲಾದ ಕರಿ ಇಶಾಡ ಮಾವಿನಂತೆ ಭೌಗೋಳಿಕ ಗುರುತು ಪಡೆದ ಹೆಸರುಗಳನ್ನು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಲೇಬಲ್ ಮೇಲೆ ಬಳಸಲಾಗದು.

ಹೆಸರಿನ ರಕ್ಷಣೆ

ಮೇಳದಲ್ಲಿ ಸಾವಿರಾರು ಜನರಿಗೆ ಹೆಸರನ್ನು ತೋರಿಸುವ ಮೊದಲು ಅದನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲು ಅರ್ಜಿ ಸಲ್ಲಿಸುವುದು ಸೂಕ್ತ. ವ್ಯಕ್ತಿಗಳು ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ ಪ್ರತಿ ವರ್ಗಕ್ಕೆ ರೂ. 4,500. ಉಪ್ಪಿನಕಾಯಿ ಮತ್ತು ಜಾಮ್ 29ನೇ ವರ್ಗಕ್ಕೆ, ಜೇನು ಮತ್ತು ಸಾಂಬಾರ ಪದಾರ್ಥಗಳು 30ಕ್ಕೆ, ಪಾನೀಯ ಹಾಗೂ ಪಾನೀಯದ ಸಿರಪ್ 32ಕ್ಕೆ ಸೇರುತ್ತವೆ. ನೋಂದಣಿಯಾಗುವ ಮೊದಲೇ ವೃತ್ತದೊಳಗಿನ ‘ಆರ್’ ಗುರುತನ್ನು ಮುದ್ರಿಸುವುದು ಅಪರಾಧ.

ಬೇಡಿಕೆ ಮತ್ತು ಹಂಗಾಮು

ಮುರುಗಲು ಹಣ್ಣಾಗುವುದು ಬೇಸಿಗೆಯ ಕೊನೆಯಲ್ಲಿ. ಮುಂಗಾರಿಗೆ ಮೊದಲು ಬಿಡಿಸಿ ಒಣಗಿಸದಿದ್ದರೆ ಹಣ್ಣು ಮರದಡಿಯಲ್ಲಿಯೇ ಕೊಳೆಯುತ್ತದೆ. ಮೇಳಗಳಾದರೋ ಸೆಪ್ಟೆಂಬರ್, ನವೆಂಬರ್, ಜನವರಿಯಲ್ಲಿ ಬರುತ್ತವೆ. ಜನವರಿಯಲ್ಲಿ ಬೆಂಗಳೂರಿನ ಹೋಟೆಲೊಂದು ತಿಂಗಳಿಗೆ 500 ಬಾಟಲಿ ಕೇಳಿತೆಂದು ಭಾವಿಸೋಣ. ವರ್ಷಕ್ಕೆ 6,000 ಬಾಟಲಿಯಾಯಿತು. ಅದಕ್ಕೆ ಬೇಕಾದ ಸಿಪ್ಪೆಯ ದಾಸ್ತಾನು ಹಿಂದಿನ ಮೇ ತಿಂಗಳಿನಲ್ಲಿಯೇ ಸಂಗ್ರಹವಾಗಿರಬೇಕು. ಇಲ್ಲವಾದರೆ ಮುಂದಿನ ಜೂನ್‌ವರೆಗೆ ಕಾಯಬೇಕು. ಒಪ್ಪಿಕೊಂಡು ಎರಡನೆಯ ತಿಂಗಳೇ ಪೂರೈಸಲಾಗದಿದ್ದಲ್ಲಿ ಆ ಗಿರಾಕಿಯು ಮತ್ತೆ ಬರುವುದು ಅಪರೂಪ. ಅದರ ಬದಲು ‘ಜೂನ್‌ನಿಂದ ತಿಂಗಳಿಗೆ 150 ಬಾಟಲಿ ಕೊಡಬಲ್ಲೆವು’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡುವುದರಲ್ಲಿ ಸಂಕೋಚ ಪಡಬೇಕಾಗಿಲ್ಲ. ಒಂದೇ ಗ್ರಾಮದ ಎರಡು ಮೂರು ಸಂಘಗಳು ಒಂದೇ ಪಾಕವಿಧಾನ ಮತ್ತು ಒಂದೇ ಅಳತೆಗೆ ಒಪ್ಪಿ, ಪರವಾನಗಿಯುಳ್ಳ ಒಂದೇ ಘಟಕದಲ್ಲಿ ತಯಾರಿಸಿದರೆ ಪ್ರಮಾಣವನ್ನು ಹೆಚ್ಚಿಸಬಹುದು. ಬೇರೆ ಬೇರೆ ಮನೆಗಳಲ್ಲಿ ತಯಾರಿಸಿ ಒಂದೇ ಲೇಬಲ್ ಅಂಟಿಸುವುದು ಸರಿಯಲ್ಲ.

ಮಳಿಗೆಯ ಸಿದ್ಧತೆ

ಸಾಮಾನ್ಯವಾಗಿ ಚಿಕ್ಕ ಮಳಿಗೆಯ ಅಳತೆ 3 ಮೀಟರ್ ಉದ್ದ, 3 ಮೀಟರ್ ಅಗಲ, ಅಂದರೆ 9 ಚದರ ಮೀಟರ್. ಬಾಡಿಗೆಯಲ್ಲಿ ಗೋಡೆ, ಮೇಜು, ಕುರ್ಚಿ, ದೀಪ ಸೇರಿವೆಯೇ, ಖಾಲಿ ಜಾಗ ಮಾತ್ರವೇ ಎಂಬುದನ್ನು ಹಣ ಕಟ್ಟುವ ಮೊದಲು ಓದಿಕೊಳ್ಳತಕ್ಕದ್ದು. ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ಸೇರಿಸಲಾಗುತ್ತದೆ.

ರುಚಿ ನೋಡಲು ಬೇಕಾಗುವ ಪ್ರಮಾಣವನ್ನು ಅಂದಾಜಿಸುವುದು ಸುಲಭ. 700 ಮಿ.ಲೀ. ಸಿರಪ್‌ಗೆ ನಾಲ್ಕು ಪಟ್ಟು ನೀರು ಬೆರೆಸಿದರೆ 3.5 ಲೀಟರ್ ಪಾನೀಯವಾಗಿ, 50 ಮಿ.ಲೀ.ನ 70 ಲೋಟಗಳು ತುಂಬುತ್ತವೆ. ದಿನಕ್ಕೆ 500 ಜನರಂತೆ ನಾಲ್ಕು ದಿನಕ್ಕೆ 2,000 ಲೋಟ, ಅಂದರೆ ಸುಮಾರು 29 ಬಾಟಲಿ. ಇದನ್ನು ಮಾರಾಟದ ಸರಕಿನಿಂದ ಬೇರೆಯಾಗಿಯೇ ಕಟ್ಟಿಡಬೇಕು. ಬೆರೆಸುವ ನೀರು ಕುಡಿಯಲು ಯೋಗ್ಯವಾಗಿರಬೇಕು. ಮೈದಾನದ ನಲ್ಲಿಯ ನೀರನ್ನು ನಂಬುವಂತಿಲ್ಲ. ಗಾಜಿನ ಬಾಟಲಿಗಳನ್ನು ನಡುವೆ ತಡೆಯಿರುವ ರಟ್ಟಿನ ಪೆಟ್ಟಿಗೆಯಲ್ಲಿ ತುಂಬತಕ್ಕದ್ದು.

ಮಳಿಗೆಯಲ್ಲಿ ಯಾವ ಸಮಯದಲ್ಲಿಯೂ ಇಬ್ಬರು ಇರಲೇಬೇಕು: ಒಬ್ಬರು ರುಚಿ ನೋಡಲು ಕೊಡುವವರು, ಇನ್ನೊಬ್ಬರು ಸಗಟು ದರದ ಪಟ್ಟಿ ತಿಳಿದವರು. ಬಂದವರ ಹೆಸರು, ಊರು, ಕೇಳಿದ ಪ್ರಮಾಣವನ್ನು ಅಂದೇ ವಹಿಯಲ್ಲಿ ಬರೆದುಕೊಂಡು, ಹಿಂತಿರುಗಿದ ವಾರದೊಳಗೆ ದೂರವಾಣಿ ಮಾಡಬೇಕು. ರಾಶಿ ಬಿದ್ದ ವಿಸಿಟಿಂಗ್ ಕಾರ್ಡುಗಳಲ್ಲಿ ಯಾರು ಏನು ಕೇಳಿದ್ದರೆಂಬುದು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ.

ಸಹಾಯಧನ ಮತ್ತು ತರಬೇತಿ

ಕೇಂದ್ರ ಸರ್ಕಾರದ ಎಂಎಸ್‌ಎಂಇ ಸಚಿವಾಲಯದ ಸಂಗ್ರಹಣೆ ಮತ್ತು ಮಾರುಕಟ್ಟೆ ಬೆಂಬಲ ಯೋಜನೆಯ ಮಾರ್ಗಸೂಚಿಯಲ್ಲಿ ದೇಶೀಯ ಮೇಳಗಳ ಮಳಿಗೆ ಬಾಡಿಗೆಗೆ ಸಾಮಾನ್ಯ ವರ್ಗದವರಿಗೆ ಶೇ. 80, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳಾ ಉದ್ಯಮಿಗಳಿಗೆ ಶೇ. 100ರಷ್ಟು ನೆರವನ್ನು, ಗರಿಷ್ಠ ಮಿತಿಗೆ ಒಳಪಟ್ಟು, ನಿಗದಿಪಡಿಸಲಾಗಿದೆ. ನೆರವು ಮರುಪಾವತಿ ರೂಪದಲ್ಲಿ ಬರುವ ಸಂದರ್ಭಗಳಲ್ಲಿ ಮೊದಲು ಹಣ ಹೊಂದಿಸಬೇಕಾದವರು ಉದ್ಯಮಿಗಳೇ. ಆದುದರಿಂದ ಸಾಲ ಮಾಡಿ ಬಾಡಿಗೆ ಕಟ್ಟುವವರು ಬಡ್ಡಿಯ ಲೆಕ್ಕವನ್ನೂ ಹಾಕಿಕೊಳ್ಳತಕ್ಕದ್ದು. ಮೇಳ ಮುಗಿದ ಮೇಲೆ ಸಲ್ಲಿಸಿದ ಹೊಸ ಅರ್ಜಿಗಳಿಗೆ ನೆರವು ದೊರೆಯುವ ಸಂಭವ ಕಡಿಮೆ. ಮುಂಚಿತವಾಗಿಯೇ ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಆ ವರ್ಷದ ಮಿತಿ ಮತ್ತು ನಮೂನೆಯನ್ನು ವಿಚಾರಿಸತಕ್ಕದ್ದು. ರಫ್ತಿಗೆ ಸಂಬಂಧಿಸಿದ ಮೇಳಗಳ ಮಾಹಿತಿಯು ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರದಲ್ಲಿ ದೊರೆಯುತ್ತದೆ.

ಸ್ವಉದ್ಯೋಗ ತರಬೇತಿಯನ್ನು ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಉಚಿತವಾಗಿ ಪಡೆಯಬಹುದು. ಬಾಳಿಕೆಯ ಅವಧಿ, ಸಂಸ್ಕರಣೆಯ ತಂತ್ರಜ್ಞಾನ ಮುಂತಾದ ವಿಷಯಗಳಿಗೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವನ್ನು ಸಂಪರ್ಕಿಸಬಹುದಾಗಿದೆ.

ಸಹಾಯಧನದ ಅರ್ಜಿಯೊಂದಿಗೆ ಉದ್ಯಮ್ ಪ್ರಮಾಣಪತ್ರ, ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ, ಮಳಿಗೆ ಹಂಚಿಕೆ ಪತ್ರ, ಬಾಡಿಗೆ ಪಾವತಿಯ ರಸೀದಿ, ಬ್ಯಾಂಕ್ ಖಾತೆಯ ವಿವರ, ಅನ್ವಯಿಸುವವರು ಜಾತಿ ಪ್ರಮಾಣಪತ್ರ ಹಾಗೂ ಮೇಳದಲ್ಲಿ ತೆಗೆದ ಮಳಿಗೆಯ ಛಾಯಾಚಿತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಛಾಯಾಚಿತ್ರದಲ್ಲಿ ಘಟಕದ ಹೆಸರಿನ ಫಲಕ ಮತ್ತು ಮಳಿಗೆ ಸಂಖ್ಯೆ ಎರಡೂ ಸ್ಪಷ್ಟವಾಗಿ ಕಾಣುವಂತಿರಬೇಕು. ರಸೀದಿಯು ಘಟಕದ ಹೆಸರಿನಲ್ಲಿಯೇ ಇರತಕ್ಕದ್ದು. ಸದಸ್ಯರೊಬ್ಬರ ವೈಯಕ್ತಿಕ ಹೆಸರಿನಲ್ಲಿರುವ ರಸೀದಿಯಿಂದ ಅರ್ಜಿಯ ಪರಿಶೀಲನೆಗೆ ತೊಡಕಾಗುತ್ತದೆ.