ವೇಹೇರಗಾಂವದ ಬೆಟ್ಟದಲ್ಲಿ ಬನವಾಸಿಯ ಹೆಸರು

ಮಳೆಗಾಲದಲ್ಲಿ ಲೋಣಾವಳಾಕ್ಕೆ ಹೋಗಿಬಂದ ಕನ್ನಡಿಗರು ನಮ್ಮಲ್ಲಿ ಅನೇಕರುಂಟು. ಅಲ್ಲಿಂದ ಪೂರ್ವಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ, ಬೆಟ್ಟದ ಮಗ್ಗುಲಲ್ಲಿ, ವೇಹೇರಗಾಂವವೆಂಬ ಸಣ್ಣ ಹಳ್ಳಿಯಿದೆ. ನೆರೆಯಲ್ಲಿ ಕಾರ್ಲೆ, ಇಂದ್ರಾಯಣಿ ಹೊಳೆಯ ಆಚೆ ಮಳವಲಿ, ಭಾಜೆ, ಅವುಗಳ ಮೇಲೆ ಕಾವಲು ನಿಂತಂತೆ ಲೋಹಗಡ, ವಿಸಾಪುರಗಳ ಕೋಟೆಗಳು.

ವೇಹೇರಗಾಂವದ ಮೆಟ್ಟಿಲೇರಿದರೆ ಏಕವೀರಾ ದೇವಿಯ ಗುಡಿ. ಅದರ ಬದಿಯಲ್ಲಿಯೇ ಕಾರ್ಲೆಯ ಬೌದ್ಧ ಚೈತ್ಯ. ಸುಮಾರು 124 ಅಡಿ ಉದ್ದ, 45 ಅಡಿ ಅಗಲದ ಈ ಮಂದಿರವನ್ನು ಬಂಡೆಯಲ್ಲಿ ಕೊರೆದು ಎರಡು ಸಾವಿರ ವರ್ಷಗಳಾಗುತ್ತ ಬಂದವು. ಛಾವಣಿಯ ಮರದ ತೊಲೆಗಳು ಇಂದಿಗೂ ಉಳಿದಿವೆ.

ಮುಖಮಂಟಪದ ಗೋಡೆಯಲ್ಲಿ ಬ್ರಾಹ್ಮೀ ಲಿಪಿಯ ಒಂದು ಪ್ರಾಕೃತ ಶಾಸನವಿದೆ. ಜಂಬೂದ್ವೀಪದಲ್ಲಿಯೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಅದು ಸಾರುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಕದಂಬರ ರಾಜ್ಯ ಹುಟ್ಟುವುದಕ್ಕೆ ಶತಮಾನಗಳ ಮುಂಚೆಯೇ ಬನವಾಸಿಯ ವರ್ತಕನೊಬ್ಬನ ಹಣ ಈ ಘಟ್ಟದ ತಲೆಗೆ ಬಂದು ಸೇರಿತ್ತು!

ಆದರೆ ಅಭಿಮಾನಪಡುವ ಮೊದಲು ಉಳಿದ ಶಾಸನಗಳನ್ನೂ ಓದಬೇಕು. ಬಾಗಿಲನ್ನು ಮಾಡಿದವನು ಧೇನುಕಾಕಟದ ಬಡಗಿ ಸಾಮಿ. ಕಂಬಗಳ ದಾನಿಗಳಲ್ಲಿ ಯವನರೂ ಇದ್ದಾರೆ. ಭಿಕ್ಷುಗಳು ಮಳೆಗಾಲದಲ್ಲಿ ಇಲ್ಲಿ ತಂಗುವ ಖರ್ಚಿಗಾಗಿ ನಹಪಾನನ ಅಳಿಯ ಉಷವದಾತನು ಕರಜಿಕವೆಂಬ ಹಳ್ಳಿಯನ್ನು ಬಿಟ್ಟುಕೊಟ್ಟನು. ಮುಂದೆ ಸಾತವಾಹನರು ಗೆದ್ದಾಗಲೂ ಆ ದಾನವನ್ನು ಕೀಳಲಿಲ್ಲ. ಮಾಮಾಲ ನಾಡಿನ, ಎಂದರೆ ಇಂದಿನ ಮಾವಳದ, ಆ ಊರಿಗೆ ರಾಜಭಟರು ಕಾಲಿಡಬಾರದು, ಉಪ್ಪಿಗಾಗಿ ನೆಲ ಅಗೆಯಬಾರದು ಎಂದು ಕಟ್ಟಳೆ ಮಾಡಿದರು.

ಅರಸರು ಬದಲಾದರು, ಭಿಕ್ಷುಗಳ ತುತ್ತು ಮಾತ್ರ ಅದೇ ಹಳ್ಳಿಯ ಹೊಲದಿಂದ ಬಂದಿತು. ಶ್ರೇಷ್ಠಿಯ ಹೆಸರು ಕಲ್ಲಿನಲ್ಲಿದೆ, ಬಡಗಿಯ ಹೆಸರೂ ಇದೆ. ಆ ಹೊಲ ಉತ್ತವನ ಹೆಸರು ಎಲ್ಲಿಯೂ ಇಲ್ಲ.

ಊರು ಬಿಟ್ಟು ಬಂದು ಪರನಾಡಿನ ಅನ್ನ ಉಣ್ಣುತ್ತಿರುವ ನಮಗೆ ಇದರಲ್ಲೊಂದು ಪಾಠವುಂಟು. ಭೂತಪಾಲನು ಈ ನೆಲ ತನ್ನದೆಂದು ಬರೆಸಲಿಲ್ಲ. ತಾನು ಎಲ್ಲಿಂದ ಬಂದವನು, ಇಲ್ಲಿ ಏನನ್ನು ಮಾಡಿದೆನು ಎಂದಷ್ಟೇ ಬರೆಸಿದನು. ರಾಜ್ಯೋತ್ಸವದ ದಿನ ಬನವಾಸಿಯನ್ನು ನೆನೆಯುವಾಗ, ಹೆಸರಿಲ್ಲದ ಆ ಕರಜಿಕದ ಒಕ್ಕಲಿಗನಿಗೂ ಒಂದು ನಮಸ್ಕಾರ ಸಲ್ಲಲಿ.