ಮೂತ್ರಪಿಂಡ ಕ್ಯಾನ್ಸರ್‌ ಶಸ್ತ್ರಚಿಕಿತ್ಸೆ ಮತ್ತು ದೇಹತೂಕ

ಮೂತ್ರಪಿಂಡದ ಕ್ಯಾನ್ಸರ್ ಬರುವ ಅಪಾಯವನ್ನು ಬೊಜ್ಜು ಹೆಚ್ಚಿಸುತ್ತದೆ. ಆದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ತೂಕ ಹೆಚ್ಚಿದ್ದವರೇ ತೆಳ್ಳಗಿನವರಿಗಿಂತ ಹೆಚ್ಚು ಕಾಲ ಬದುಕಿದ್ದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ‘ಬೊಜ್ಜಿನ ವಿರೋಧಾಭಾಸ’ ಎಂದು ಹೆಸರಾದ ಈ ಸಂಗತಿ ಮೂರು ದಶಕಗಳಿಂದ ಚರ್ಚೆಯಲ್ಲಿದೆ.

ಮೂತ್ರಪಿಂಡವನ್ನು ಯೋಜಿತವಾಗಿ ತೆಗೆದ ಮೊದಲ ಶಸ್ತ್ರಚಿಕಿತ್ಸೆ 1869ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆಯಿತು. ಅದನ್ನು ಮಾಡಿದ ಶಸ್ತ್ರಚಿಕಿತ್ಸಕ ಗುಸ್ತಾವ್ ಸೈಮನ್ ಅದಕ್ಕೆ ಮುನ್ನ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಒಂದೇ ಮೂತ್ರಪಿಂಡದಿಂದ ಬದುಕಬಹುದೆಂದು ಖಚಿತಪಡಿಸಿಕೊಂಡಿದ್ದ. ಅವನ ರೋಗಿಗೆ ಇದ್ದದ್ದು ಕ್ಯಾನ್ಸರ್ ಅಲ್ಲ, ಮೂತ್ರನಾಳದ ಗಾಯ. 1883ರಲ್ಲಿ ಪಾಲ್ ಗ್ರಾವಿಟ್ಸ್ ಮೂತ್ರಪಿಂಡದ ಗೆಡ್ಡೆಗಳ ಹಳದಿ ಬಣ್ಣ ಮತ್ತು ಕೊಬ್ಬು ತುಂಬಿದ ಕೋಶಗಳನ್ನು ಕಂಡು, ಅವು ಅಡ್ರಿನಲ್ ಗ್ರಂಥಿಯ ಅವಶೇಷಗಳಿಂದ ಹುಟ್ಟುತ್ತವೆಂದು ಬಗೆದ. ಆ ಊಹೆ ತಪ್ಪಾಗಿತ್ತು, ಆದರೆ ಕೊಬ್ಬನ್ನು ಗಮನಿಸಿದ ಕಣ್ಣು ಸರಿಯಾಗಿಯೇ ನೋಡಿತ್ತು. ಇಪ್ಪತ್ತನೆಯ ಶತಮಾನದಲ್ಲಿ, ಟೊರಾಂಟೊದ ಚಾರ್ಲ್ಸ್ ರಾಬ್ಸನ್ 1969ರಲ್ಲಿ ಪ್ರಕಟಿಸಿದ ಫಲಿತಾಂಶಗಳ ನಂತರ, ಮೂತ್ರಪಿಂಡವನ್ನು ಸುತ್ತಲಿನ ಕೊಬ್ಬಿನ ಸಮೇತ ತೆಗೆಯುವ ವಿಧಾನ ನೆಲೆಯೂರಿತು. ಅಷ್ಟರವರೆಗೂ ರೋಗಿಯ ಬೊಜ್ಜೆಂದರೆ ಶಸ್ತ್ರಚಿಕಿತ್ಸಕನಿಗೆ ಒದಗುವ ಅಡ್ಡಿ, ಅಷ್ಟೇ.

ಬೊಜ್ಜನ್ನು ಅಳೆಯಲು ಬಳಸುವ ಎತ್ತರ ಮತ್ತು ತೂಕದ ಅನುಪಾತವನ್ನು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಹತ್ತೊಂಬತ್ತನೆಯ ಶತಮಾನದಲ್ಲೇ ರೂಪಿಸಿದ್ದರೂ, ಅದಕ್ಕೆ ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಅವರಿಂದ. ಬೊಜ್ಜಿನವರಲ್ಲಿ ಮೂತ್ರಪಿಂಡದ ಕ್ಯಾನ್ಸರ್ ತಡವಾಗಿ ಮರುಕಳಿಸುತ್ತದೆ, ಅವರು ಹೆಚ್ಚು ಕಾಲ ಬದುಕುತ್ತಾರೆ ಎಂಬ ವರದಿ 1991ರಲ್ಲಿ ಅಮೆರಿಕದ ಒಕ್ಲಹೋಮದಿಂದ ಬಂತು. 2004ರಲ್ಲಿ ಹ್ಯೂಸ್ಟನ್‌ನ ಎಂ. ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ, 2006ರಲ್ಲಿ ಮೇಯೊ ಕ್ಲಿನಿಕ್ ಇದೇ ದಿಕ್ಕಿನ ಫಲಿತಾಂಶ ನೀಡಿದವು.

ಹಾಗಾದರೆ ಕೊಬ್ಬು ರೋಗಿಯನ್ನು ಕಾಯುತ್ತದೆಯೇ? 2013ರಲ್ಲಿ ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದ ಸಂಶೋಧಕರು ಶಸ್ತ್ರಚಿಕಿತ್ಸೆಯಾದ 2,119 ಮಂದಿಯ ದಾಖಲೆಗಳನ್ನು ಪರಿಶೀಲಿಸಿದರು. ಬೊಜ್ಜಿದ್ದವರಲ್ಲಿ ಮುಂದುವರಿದ ಹಂತದ ರೋಗ ಕಡಿಮೆ ಇತ್ತು. ಹಂತ ಮತ್ತು ಗೆಡ್ಡೆಯ ದರ್ಜೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಬಿಎಂಐಗೆ ಸ್ವತಂತ್ರ ಪ್ರಭಾವ ಉಳಿಯಲಿಲ್ಲ. ಈ ಅಧ್ಯಯನದ ಬೆಲೆ ಇರುವುದು ಇಲ್ಲೇ: ಅದು ತೂಕದಿಂದ ಗಮನವನ್ನು ಗೆಡ್ಡೆಯ ಸ್ವಭಾವದತ್ತ ಹೊರಳಿಸಿತು. ಕೊಬ್ಬಿನಾಮ್ಲ ತಯಾರಿಸುವ ಎಫ್‌ಎಎಸ್‌ಎನ್ ಎಂಬ ವಂಶವಾಹಿಯ ಚಟುವಟಿಕೆ ಬೊಜ್ಜಿನವರ ಗೆಡ್ಡೆಗಳಲ್ಲಿ ತಗ್ಗಿತ್ತು. ಗೆಡ್ಡೆಯಲ್ಲಿ ಆ ಚಟುವಟಿಕೆ ಹೆಚ್ಚಿದ್ದವರು ಕಡಿಮೆ ಕಾಲ ಬದುಕಿದ್ದರು. 2020ರಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಬೊಜ್ಜಿನವರ ಗೆಡ್ಡೆಗಳಲ್ಲಿ ರಕ್ತನಾಳಗಳ ಬೆಳವಣಿಗೆಗೆ ಸಂಬಂಧಿಸಿದ ವಂಶವಾಹಿಗಳು ಹೆಚ್ಚು ಸಕ್ರಿಯವಾಗಿದ್ದುದೂ, ಗೆಡ್ಡೆಯ ಸುತ್ತಲಿನ ಕೊಬ್ಬಿನಲ್ಲಿ ಉರಿಯೂತವಿದ್ದುದೂ ಕಂಡುಬಂತು.

ತೆಳ್ಳಗಿನವರ ಗುಂಪಿನ ಕಡೆಯಿಂದಲೂ ಈ ಒಗಟನ್ನು ನೋಡಬೇಕು. ಕ್ಯಾನ್ಸರ್ ತಾನೇ ಮೈ ಕರಗಿಸುತ್ತದೆ. ಶಸ್ತ್ರಚಿಕಿತ್ಸೆಯ ದಿನ ತೂಗಿದಾಗ ಕಡಿಮೆ ಬಂದ ತೂಕ ರೋಗದ ಫಲವೇ ಆಗಿರಬಹುದು. ರಕ್ತದಲ್ಲಿ ಅಲ್ಬುಮಿನ್ ಕಡಿಮೆ ಇದ್ದವರು, ಮೊದಲೇ ತೂಕ ಇಳಿದಿದ್ದವರು ಶಸ್ತ್ರಚಿಕಿತ್ಸೆಯ ನಂತರ ಹೆಚ್ಚು ಸಾವಿಗೀಡಾದರೆಂದು 2011ರ ಅಧ್ಯಯನವೊಂದು ತೋರಿಸಿತು. 2016ರಲ್ಲಿ ಮೇಯೊ ಕ್ಲಿನಿಕ್‌ನವರು 387 ರೋಗಿಗಳ ಸಿ.ಟಿ. ಸ್ಕ್ಯಾನ್‌ಗಳಲ್ಲಿ ಸೊಂಟದ ಮೂರನೆಯ ಕಶೇರುವಿನ ಮಟ್ಟದ ಸ್ನಾಯುಗಳನ್ನು ಅಳೆದರು. ಸ್ನಾಯು ಸವೆದವರಲ್ಲಿ ಸಾವು ಹೆಚ್ಚಿತ್ತು. ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದನ್ನು ಬಿಎಂಐ ಹೇಳುವುದೇ ಇಲ್ಲ. ಭಾರತೀಯರಿಗೆ ಈ ಕೊರತೆ ಇನ್ನೂ ಮುಖ್ಯ: ಅದೇ ಬಿಎಂಐಯಲ್ಲಿ ನಮ್ಮವರ ಮೈಯಲ್ಲಿ ಕೊಬ್ಬಿನ ಪಾಲು ಯುರೋಪಿಯನ್ನರಿಗಿಂತ ಹೆಚ್ಚು. ಆದ್ದರಿಂದಲೇ ಅವರಲ್ಲಿ 30ಕ್ಕೆ ಶುರುವಾಗುವ ಬೊಜ್ಜಿನ ಗೆರೆಯನ್ನು ಇಲ್ಲಿ 25ಕ್ಕೆ ಎಳೆಯಲಾಗಿದೆ. ಅಲ್ಲಿನ ಅಂಕಿಗಳನ್ನು ಇಲ್ಲಿನ ರೋಗಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಬೊಜ್ಜು ಇಂದಿಗೂ ತೊಡಕೇ. ಮೂತ್ರಪಿಂಡಕ್ಕೆ ಅಂಟಿಕೊಂಡ ಕೊಬ್ಬನ್ನು ಬಿಡಿಸುವುದು ಕಷ್ಟ. ಅದನ್ನು ಸ್ಕ್ಯಾನ್‌ನಿಂದಲೇ ಮೊದಲು ಅಂದಾಜಿಸಲು 2014ರಲ್ಲಿ ‘ಮೇಯೊ ಅಂಟು ಸಂಭವ ಅಂಕ’ ಎಂಬ ಮಾಪನ ಬಂತು. ಉಳಿದ ಮೂತ್ರಪಿಂಡದ ಪಾಡು ಇನ್ನೂ ಗಂಭೀರ. ನಾನಾ ಕಾರಣಗಳಿಂದ ಒಂದು ಮೂತ್ರಪಿಂಡ ತೆಗೆಸಿಕೊಂಡ 73 ಮಂದಿಯ ಬಗ್ಗೆ ಸ್ಪೇನ್‌ನ ವೈದ್ಯರು 2000ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬೊಜ್ಜಿದ್ದ 14 ಜನರಲ್ಲಿ 13 ಮಂದಿಗೆ ಕಾಲಕ್ರಮೇಣ ಮೂತ್ರದಲ್ಲಿ ಪ್ರೋಟೀನ್ ಸೋರುವ ತೊಂದರೆ ಅಥವಾ ಮೂತ್ರಪಿಂಡದ ಕಾರ್ಯಕುಸಿತ ಕಾಣಿಸಿಕೊಂಡಿತು. ಉಳಿದ 59 ಜನರಲ್ಲಿ ಹಾಗಾದದ್ದು 7 ಮಂದಿಗೆ. ಕ್ಯಾನ್ಸರ್‌ನಿಂದ ಪಾರಾದವರ ತೂಕ, ರಕ್ತದೊತ್ತಡ ಮತ್ತು ಮೂತ್ರದ ಪ್ರೋಟೀನನ್ನು ವರ್ಷಗಟ್ಟಲೆ ಗಮನಿಸುತ್ತಿರಬೇಕಾದದ್ದು ಈ ಕಾರಣಕ್ಕೆ.